ಕರಿ ಸೀರೆಯೊಳಗಿನ ಕರಿ ಚೌಕಡಿ

ಬೆಂಗಳೂರಿನ ಕೈಮಗ್ಗ ಪ್ರದರ್ಶನದವರ ಇ-ಮೇಲ್ ಬಂದ ದಿನ ನಮ್ಮ ಸಂಘದ ಕಾರ್ಯದರ್ಶಿಗಳು ಅದನ್ನು ನನಗೆ ತೋರಿಸುವ ಮೊದಲು ಕೋಣೆಯ ಬಾಗಿಲನ್ನು ಮುಂದೆ ಮಾಡಿದರು. ನಾವು ಕಳುಹಿಸಿದ್ದ ಛಾಯಾಚಿತ್ರಗಳಲ್ಲಿ ಉಳಿದವೆಲ್ಲ ಮೊದಲ ಸುತ್ತು ದಾಟಿದ್ದವು. ಕರಿ ಸೀರೆಯ ವಿಷಯದಲ್ಲಿ ಮಾತ್ರ ಆಯ್ಕೆಯವರು ತಕರಾರು ಬರೆದಿದ್ದರು. ಒಡಲಿನಲ್ಲಿ ಯಾವ ವಿನ್ಯಾಸವೂ ಕಾಣುವುದಿಲ್ಲ, ಸಾದಾ ಬಟ್ಟೆಯನ್ನು ಪರಿಗಣಿಸಲಾಗುವುದಿಲ್ಲ, ಬೇಕಿದ್ದರೆ ತಿಂಗಳ ಕೊನೆಯೊಳಗೆ ಇನ್ನೊಂದು ಚಿತ್ರ ಕಳುಹಿಸಬಹುದು.

“ಸಾದಾ ಅಂತ ನೋಡವಾ,” ಎಂದರು ಕಾರ್ಯದರ್ಶಿಗಳು. “ಆ ಹೆಣ್ಣಮಗಳು ಕಣ್ಣು ಕೆಂಪ ಮಾಡಕೊಂಡು ನೇಯ್ದಾಳ. ನೀನ ಹೋಗಿ ಹೇಳು ಆಕಿಗೆ, ಸಾದಾ ಅಂತ.”

ಹೇಳಬೇಕಾದವಳು ನಾನೇ ಎಂಬುದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆ ಚಿತ್ರವನ್ನು ತೆಗೆದವಳು ನಾನು. ಜಮಖಂಡಿಯಲ್ಲಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಬನಹಟ್ಟಿಯ ಆ ನೇಕಾರರ ಸಂಘದಲ್ಲಿ ಕಂಪ್ಯೂಟರ್ ಮತ್ತು ವಿನ್ಯಾಸದ ಸಹಾಯಕಿಯಾಗಿ ಸೇರಿದ್ದೆ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವರು ನನಗಿಂತ ಮೊದಲು ಯಾರೂ ಇರಲಿಲ್ಲವಾದ್ದರಿಂದ, ಸಂಘ ಹೊಸದಾಗಿ ಕೊಂಡಿದ್ದ ಡಿಜಿಟಲ್ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟಾಗ “ಬರುವುದಿಲ್ಲ” ಎನ್ನಲು ನನಗೆ ಧೈರ್ಯ ಸಾಲಲಿಲ್ಲ.

ಆ ಸೀರೆಯ ಬಗ್ಗೆ ಸ್ವಲ್ಪ ಹೇಳಬೇಕು. ಈ ಭಾಗದಲ್ಲಿ ಕರಿ ಸೀರೆಗೆ ಚಂದ್ರಕಾಳಿ ಎನ್ನುತ್ತಾರೆ. ರಬಕವಿಯ ಆ ನೇಕಾರ್ತಿ ಕರಿ ಹತ್ತಿಯ ಒಡಲಿನಲ್ಲಿ ಕರಿ ರೇಷ್ಮೆಯ ಎಳೆಗಳನ್ನು ಅಡ್ಡಕ್ಕೂ ಉದ್ದಕ್ಕೂ ಕೂಡಿಸಿ ಚೌಕಡಿ ನೇಯ್ದಿದ್ದರು. ಎರಡೂ ಒಂದೇ ಕರಿ. ಆದರೆ ಉಟ್ಟವರು ನಡೆದಾಗ ರೇಷ್ಮೆ ಮಿಂಚಿ ಚೌಕಡಿ ಮೂಡುತ್ತಿತ್ತು, ನಿಂತಾಗ ಮರೆಯಾಗುತ್ತಿತ್ತು. ಸೆರಗು ಎಂದಿನಂತೆ ಕೆಂಪು, ಅದರಲ್ಲಿ ಬಿಳಿ ರೇಷ್ಮೆಯ ತೆನೆಗಳ ಸಾಲು. ಮದುವೆಯಾಗಿ ಬಂದಂದಿನಿಂದ ಸಂಘ ಹೇಳಿದ ನಮೂನೆಯನ್ನೇ ನೇಯುತ್ತಿದ್ದ ಆಕೆ ತಮ್ಮ ಸ್ವಂತ ಮನಸ್ಸಿನಿಂದ ನೇಯ್ದ ಮೊದಲ ಸೀರೆ ಅದು. ಸಂಘದ ರೂಢಿಯಂತೆ, ಪ್ರದರ್ಶನದಲ್ಲಿ ಒಪ್ಪಿಗೆಯಾಗದ ಹೊಸ ನಮೂನೆಗೆ ಎರಡನೆಯ ಸಲ ನೂಲು ಕೊಡುತ್ತಿರಲಿಲ್ಲ. ಅಂದರೆ ನನ್ನ ಚಿತ್ರ ಸೋತರೆ ಆ ಚೌಕಡಿ ಅಲ್ಲಿಗೆ ಮುಗಿಯಿತು.

ರಬಕವಿಗೆ ಹೋಗಿ, ಮಗ್ಗದ ಕುಣಿಯಲ್ಲಿ ಕುಳಿತಿದ್ದ ಆಕೆಗೆ ಸುದ್ದಿ ಹೇಳಿದೆ. ಆಕೆ ಲಾಳಿಯನ್ನು ಕೆಳಗಿಡಲಿಲ್ಲ.

“ಕಾಣಲಿಲ್ಲಂತ? ಕೈಯಾಗ ಹಿಡದ್ರ ಕಾಣತೈತಲ್ಲ ತಂಗಿ.”

“ಕ್ಯಾಮೆರಾಕ್ಕ ಕಾಣಲಿಲ್ಲರಿ ಅಕ್ಕಾರ.”

“ಹಂಗಾರ ಅದಕ್ಕೊಂದು ಚಾಳೀಸ ಹಾಕಸು,” ಎಂದು ಆಕೆ ಮತ್ತೆ ನೇಯತೊಡಗಿದರು. ಆಮೇಲೆ ನನ್ನ ಮುಖ ನೋಡಿ, “ಮತ್ತ ತಗಿ. ಸೀರಿ ಎಲ್ಲಿಗೂ ಓಡಿ ಹೋಗಾಂಗಿಲ್ಲ,” ಎಂದರು.

ಮೊದಲ ಚಿತ್ರವನ್ನು ನಾನು ಅವರ ಅಂಗಳದಲ್ಲಿ, ನೆತ್ತಿಯ ಮೇಲಿನ ಬಿಸಿಲಿನಲ್ಲಿ, ಕ್ಯಾಮೆರಾದ ಆಟೋ ಗುಂಡಿಯನ್ನು ನಂಬಿ ತೆಗೆದಿದ್ದೆ. ಒಡಲು ಮಾಳಿಗೆಯ ನೆರಳಿನಲ್ಲಿತ್ತು, ಸೆರಗು ಬಿಸಿಲಿನಲ್ಲಿತ್ತು. ಬಿಸಿಲಿಗೆ ಹೆದರಿದ ಕ್ಯಾಮೆರಾ ಬೆಳಕನ್ನು ತಗ್ಗಿಸಿತ್ತು, ಒಡಲು ಪೂರ್ತಿ ಮುಳುಗಿಹೋಗಿತ್ತು. ಇಷ್ಟು ನನಗೂ ತಿಳಿಯಿತು. ಮುಂದೇನೆಂದು ತಿಳಿಯಲಿಲ್ಲ. ಕಾರ್ಯದರ್ಶಿಗಳು ಮಹಾಲಿಂಗಪುರದ ಒಬ್ಬ ಸ್ಟುಡಿಯೋ ಮಾಲೀಕರನ್ನು ಕರೆಸಿದರು. ಮದುವೆಯ ಚಿತ್ರಗಳಲ್ಲಿ ಸುತ್ತಲಿನ ಊರುಗಳಿಗೆಲ್ಲ ಹೆಸರಾದವರು. ರೀಲಿನ ಕಾಲದವರು.

“ಕರಿ ಬಟ್ಟಿ ಅಂದ್ರ ಒಂದ್ ಸ್ಟಾಪ್ ಜಾಸ್ತಿ ಬೆಳಕ ಕೊಡಬೇಕವಾ,” ಎಂದರು ಅವರು. ಒಂದು ಸ್ಟಾಪ್ ಎಂದರೆ ಬೆಳಕನ್ನು ಇಮ್ಮಡಿ ಮಾಡುವುದು. “ಬಿಳಿಗೆ ಏನೂ ಆಗಾಂಗಿಲ್ಲ. ನೆಗೆಟಿವ್ ಎಲ್ಲಾ ತಡಕೋತೈತಿ.”

“ಇದರಾಗ ನೆಗೆಟಿವ್ ಇಲ್ಲಲ್ರಿ ಸರ್ರ.”

“ಇರಲಿಲ್ಲಂದ್ರ ಅದರ ತಮ್ಮ ಯಾವನರ ಇರತಾನಲ್ಲ ಒಳಗ.”

ರಬಕವಿಗೆ ಹೋಗಿ ಅವರ ಮಾತಿನಂತೆ ತೆಗೆದೆವು. ಒಂದು ಸ್ಟಾಪ್ ಸಾಲದೆ ಎರಡು ಕೊಟ್ಟೆವು. ಒಡಲಿನಲ್ಲಿ ಏನೋ ಗೆರೆಗಳಿವೆ ಎಂಬ ಅನುಮಾನ ಹುಟ್ಟುವಷ್ಟು ಕರಿ ತಿಳಿಯಾಯಿತು. ಆದರೆ ಸೆರಗಿನ ತೆನೆಗಳು ಒಂದಕ್ಕೊಂದು ಅಂಟಿ ಬರಿಯ ಬಿಳಿ ಪಟ್ಟಿಯಾಗಿದ್ದವು. ಕಚೇರಿಗೆ ಮರಳಿ ಕಂಪ್ಯೂಟರಿನಲ್ಲಿ ಬೆಳಕನ್ನು ಇಳಿಸಿದೆ. ಬಿಳಿ ಪಟ್ಟಿ ಬೂದು ಪಟ್ಟಿಯಾಯಿತೇ ಹೊರತು ಅದರೊಳಗಿಂದ ಒಂದು ಎಳೆಯೂ ಹೊರಬರಲಿಲ್ಲ. ಮಾಲೀಕರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

“ಇನ್ನೂ ಇಳಸು.”

ಇಳಿಸಿದೆ.

“ಇಲ್ಲ, ಇದರಾಗ ಏನೂ ಉಳದಿಲ್ಲ. ನೆಗೆಟಿವ್ ಇದ್ದಿದ್ರ ನಾ ತಗದು ತೋರಸ್ತಿದ್ನಿ.” ಪರದೆಯಿಂದ ಗೋಣು ಎತ್ತಿದರು. “ಅಂದ್ರ ಇದು ಸ್ಲೈಡ್ ಫಿಲ್ಮ್ ಜಾತಿಯ ಪ್ರಾಣಿ! ಕರೀನ ಹೆಂಗರ ತಡಕೋತೈತಿ, ಬಿಳಿ ಸುಟ್ಟರ ಸುಟ್ಟಂಗ. ಛಲೋ ಆತು ಈಗ ಗೊತ್ತಾಗಿದ್ದು, ಮುಂದಿನ ವಾರ ಬೀಳಗಿಯೊಳಗ ಒಂದು ಮದವಿ ಫೋಟೋದ ಕೆಲಸ ಐತಿ ನಂದು.”

ಅವರು ಹೋದ ಮೇಲೆ ನಾನು ಕ್ಯಾಮೆರಾದೊಂದಿಗೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ನಿಘಂಟು ಹಿಡಿದು ಓದತೊಡಗಿದೆ. ಪುಸ್ತಕದಲ್ಲಿ ಇದ್ದದ್ದನ್ನು ತಪ್ಪಿಲ್ಲದೆ ಒಪ್ಪಿಸುವುದು ನನಗೆ ಅಭ್ಯಾಸವಾಗಿತ್ತು. ಬೆಳಕು ಬಿದ್ದಾಗ ಕೆಲವು ವಸ್ತುಗಳಿಂದ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ ಎಂಬುದನ್ನು ಪರೀಕ್ಷೆಯಲ್ಲಿ ಚಿತ್ರಸಹಿತ ಬರೆದಿದ್ದೆ. ಅದು ನಮ್ಮ ಬನಹಟ್ಟಿಯ ಮೇಜಿನ ಮೇಲೆ, ನನ್ನ ಅಂಗೈ ಅಗಲದ ಯಂತ್ರದಲ್ಲಿ ನಡೆಯುತ್ತಿದೆ ಎಂದು ಹೊಳೆದಾಗ ಎದ್ದು ನಿಂತುಬಿಟ್ಟೆ.

ನಾನು ಅರ್ಥಮಾಡಿಕೊಂಡದ್ದು ಹೀಗೆ. ಕ್ಯಾಮೆರಾದೊಳಗೆ ಫಿಲ್ಮಿನ ಜಾಗದಲ್ಲಿರುವ ಸೆನ್ಸರ್ ಎಂದರೆ ನಳದ ನೀರಿಗೆ ಸಾಲಾಗಿ ಇಟ್ಟ ಲಕ್ಷಾಂತರ ಕೊಡಗಳು. ಒಂದೊಂದು ಪಿಕ್ಸೆಲ್ ಒಂದೊಂದು ಕೊಡ. ಅದರ ಮೇಲೆ ಬಿದ್ದ ಬೆಳಕು ಎಲೆಕ್ಟ್ರಾನುಗಳಾಗಿ ಅದರಲ್ಲಿ ತುಂಬುತ್ತದೆ. ಬೆಳಕು ಇಮ್ಮಡಿಯಾದರೆ ತುಂಬಿದ್ದೂ ಸರಿಯಾಗಿ ಇಮ್ಮಡಿ. ಕೊಡ ತುಂಬಿದ ಮೇಲೆ ಎಷ್ಟು ನೀರು ಹೊರಚೆಲ್ಲಿತು ಎಂಬುದನ್ನು ಆ ಕೊಡ ಹೇಳಲಾರದು. ಬಿಳಿ ತೆನೆಯೂ ತುಂಬಿದ ಕೊಡ, ಅದರ ಪಕ್ಕದ ಸಂದಿಯೂ ತುಂಬಿದ ಕೊಡ, ಎರಡೂ ಒಂದೇ. ಇತ್ತ ಕರಿಯ ಕೊಡದಲ್ಲಿ ತಳ ಮಾತ್ರ ಒದ್ದೆ. ಆ ಒದ್ದೆ ನಳದಿಂದ ಬಂದ ನೀರೋ, ಬೆಳಿಗ್ಗೆ ಕೊಡ ತೊಳೆದಾಗ ಉಳಿದ ಪಸೆಯೋ ಎಂಬುದು ತಿಳಿಯದು. ಆ ಪಸೆಯೇ ಚಿತ್ರದ ಕತ್ತಲೆಯಲ್ಲಿ ಕಾಣುವ ಮರಳು ಮರಳಾದ ಕಾಳುಗಳು. ತಳದ ಪಸೆಗೂ ಬಾಯಿಯ ಅಂಚಿಗೂ ನಡುವೆ ಎಷ್ಟು ಸ್ಟಾಪ್‌ಗಳು ಹಿಡಿಯುತ್ತವೆಯೋ ಅಷ್ಟೇ ಆ ಸೆನ್ಸರಿನ ಡೈನಮಿಕ್ ರೇಂಜ್.

ಇನ್ನೊಂದು ಸಂಗತಿ ಇದಕ್ಕಿಂತ ಬೆರಗಿನದು. ನಮ್ಮ ಕ್ಯಾಮೆರಾ ಬೆಳಕನ್ನು ನಾಲ್ಕು ಸಾವಿರದ ತೊಂಬತ್ತಾರು ಮೆಟ್ಟಿಲುಗಳಲ್ಲಿ ಅಳೆಯುತ್ತಿತ್ತು. ಬೆಳಕಿನ ಇಮ್ಮಡಿಗೆ ಮೆಟ್ಟಿಲೂ ಇಮ್ಮಡಿಯಾದ್ದರಿಂದ ಎಲ್ಲಕ್ಕಿಂತ ಮೇಲಿನ ಒಂದೇ ಸ್ಟಾಪ್ ಅರ್ಧದಷ್ಟು ಮೆಟ್ಟಿಲುಗಳನ್ನು ನುಂಗುತ್ತದೆ. ಅದರ ಕೆಳಗಿನದು ಉಳಿದದ್ದರಲ್ಲಿ ಅರ್ಧ. ಹೀಗೆ ಇಳಿಯುತ್ತ ಇಳಿಯುತ್ತ, ನಮ್ಮ ಚೌಕಡಿ ಅಡಗಿದ್ದ ಕರಿಯ ಪಾಲಿಗೆ ಬೆರಳೆಣಿಕೆಯ ಮೆಟ್ಟಿಲುಗಳು. ಅದರ ಮೇಲೆ ನಾನು ಜೆಪೆಗ್ ಎಂಬ ಚಿಕ್ಕ ಫೈಲಿನಲ್ಲಿ ತೆಗೆದು, ಇದ್ದವುಗಳನ್ನೂ ಕ್ಯಾಮೆರಾದ ಕೈಯಿಂದಲೇ ಒರೆಸಿಹಾಕಿಸಿದ್ದೆ. ಸೆನ್ಸರ್ ಅಳೆದದ್ದನ್ನು ಹಾಗೆಯೇ ಇಡುವ ರಾ ಫೈಲ್ ಎಂಬುದೊಂದು ಇತ್ತು. ಅದನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ.

ಪರೀಕ್ಷೆ ಮಾಡದೆ ನಂಬಬಾರದು ಎನಿಸಿತು. ರಬಕವಿಗೆ ಹೋಗಿ, ಬಿಳಿ ರೇಷ್ಮೆಯಿಂದ ಹಿಡಿದು ಬೂದಿಯ ಬಣ್ಣಗಳನ್ನು ದಾಟಿ ಕರಿಯವರೆಗೆ ನೂಲುಗಳನ್ನು ಒಂದು ರಟ್ಟಿಗೆ ಸಾಲಾಗಿ ಸುತ್ತಿಕೊಡಿರೆಂದು ಆಕೆಯನ್ನು ಕೇಳಿದೆ. ಆಕೆಯ ಗಂಡ ಬಣ್ಣ ಹಾಕುವವರು. ಅವರ ಬಳಿ ಎಲ್ಲ ಛಾಯೆಗಳ ಲಡಿಗಳೂ ಇದ್ದವು. ತುದಿಗೆ ಕರಿ ಹತ್ತಿ, ಅದರ ಪಕ್ಕ ಕರಿ ರೇಷ್ಮೆ.

“ಸೀರಿ ಬಿಟ್ಟು ಈಗ ನೂಲಿಂದು ಫೋಟೋ ಶುರು ಆತೇನು?” ಎಂದರು ಗಂಡ.

“ಸಣ್ಣ ತರಗತಿಯಿಂದ ಕಲ್ಯಾಕತ್ತೈತ್ರಿ ಕ್ಯಾಮೆರಾ,” ಎಂದೆ. ಅವರು ನಕ್ಕರು.

ಸಂಘದ ಕಚೇರಿಯ ಬಡಗಣ ಕಿಟಕಿಯ ಬಳಿ ಆ ರಟ್ಟನ್ನು ನಿಲ್ಲಿಸಿ, ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು, ಬೆಳಕಿಗೆ ಅದರ ಸೂಕ್ಷ್ಮತೆಯನ್ನು ಹೇಳುವ ಐಎಸ್‌ಒ ಅನ್ನು ಎಲ್ಲಕ್ಕಿಂತ ಕೆಳಗಿಟ್ಟೆ. ಅದನ್ನು ಏರಿಸಿದರೆ ಕೊಡವೇ ಗಿಡ್ಡದಾದಂತೆ. ಷಟರ್ ತೆರೆದಿರುವ ಸಮಯವನ್ನು ಹಂತಹಂತವಾಗಿ ಹೆಚ್ಚಿಸುತ್ತ ತೆಗೆಯುತ್ತ ಹೋದೆ. ಪ್ರತಿ ಸಲವೂ ಹಿಂದಿನ ಪುಟ್ಟ ಪರದೆಯಲ್ಲಿ ಹಿಸ್ಟೋಗ್ರಾಮ್ ನೋಡಿದೆ. ಎಷ್ಟು ಪಿಕ್ಸೆಲ್‌ಗಳು ಎಷ್ಟು ಬೆಳಕಿನವು ಎಂಬುದನ್ನು ಗುಡ್ಡದ ಆಕಾರದಲ್ಲಿ ತೋರಿಸುವ ನಕ್ಷೆ ಅದು. ಎಡಗಡೆ ಕರಿ, ಬಲಗಡೆ ಬಿಳಿ. ಬೆಳಕು ಹೆಚ್ಚಿದಂತೆ ಗುಡ್ಡ ಬಲಕ್ಕೆ ಸರಿಯುತ್ತ ಬಂತು. ಬಲಗೋಡೆಯನ್ನು ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮೊದಲು ನಿಲ್ಲಿಸಿದ ಚಿತ್ರದ ರಾ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು, ಕತ್ತಲೆ ಬೆಳಕುಗಳನ್ನು ಹೊಂದಿಸುವ ವಕ್ರರೇಖೆಯನ್ನು ಕರಿಯ ತುದಿಯಲ್ಲಿ ಮೆಲ್ಲಗೆ ತಿದ್ದಿದೆ. ಆತನಕ ಒಂದೇ ಮುದ್ದೆಯಾಗಿದ್ದ ಕರಿ ಎರಡಾಯಿತು. ಹತ್ತಿ ಇತ್ತ, ರೇಷ್ಮೆ ಅತ್ತ. ಬಿಳಿ ರೇಷ್ಮೆಯ ಎಳೆಗಳೂ ಎಣಿಸುವಷ್ಟು ಸ್ಪಷ್ಟ.

ನಾನು ಓಡಿಹೋಗಿ ಕಾರ್ಯದರ್ಶಿಗಳನ್ನು ಕರೆತಂದೆ. “ಬ್ಯಾರೆ ಆದೂರಿ ಸರ್ರ! ಎರಡೂ ಬ್ಯಾರೆ ಬ್ಯಾರೆ ಆದೂ!”

ಅವರು ಕನ್ನಡಕ ಏರಿಸಿ ನೋಡಿದರು. “ಎರಡೂ ಕರೀನ ಅದಾವಲ್ಲವಾ.”

“ಒಂದು ಕರಿ, ಒಂದು ಇನ್ನೊಂದು ಕರೀರಿ.”

“ಹುಂ,” ಎಂದರು ಅವರು, ನನ್ನನ್ನು ಒಮ್ಮೆ ಪರದೆಯನ್ನು ಒಮ್ಮೆ ನೋಡಿ. “ಉಂಡೀಯೇನವಾ ಇವತ್ತು?”

ಮರುದಿನ ಕ್ಯಾಮೆರಾ ಹೊತ್ತು ರಬಕವಿಗೆ ಹೋದಾಗ ನನ್ನ ಉತ್ಸಾಹ ಹೇಗಿತ್ತೆಂದರೆ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿದ್ದ ಬಸ್ಸನ್ನು ಇಳಿದು ನಡೆದೇ ಹೋಗೋಣವೆನಿಸಿತ್ತು. ನೆರಳಿನ ಪಡಸಾಲೆಯಲ್ಲಿ ಸೀರೆಯನ್ನು ಹಗ್ಗಕ್ಕೆ ಹಾಕಿಸಿ, ಒಡಲಿಗೂ ಸೆರಗಿಗೂ ಸಮನಾದ ಬೆಳಕು ಬೀಳುವಂತೆ ಮಾಡಿ, ಅದೇ ಕ್ರಮದಲ್ಲಿ ತೆಗೆದೆ. ಸೆರಗು ಸುಡಲಿಲ್ಲ. ಆದರೆ ಒಡಲಿನ ಮೇಲೆ ಉದ್ದುದ್ದ ಬೂದು ಹೊಳಪು ಹರಿದಾಡುತ್ತಿತ್ತು. ಚೌಕಡಿ ಇಲ್ಲ. ಕೋನ ಬದಲಿಸಿದೆ, ಹೊಳಪೂ ಬದಲಾಯಿತು, ಚೌಕಡಿ ಮಾತ್ರ ಬರಲಿಲ್ಲ. ಅದೂ ಸಾಲದೆಂಬಂತೆ ಕೆಲವು ಚಿತ್ರಗಳು ಅಲುಗಿದ್ದವು. ಕಡಿಮೆ ಬೆಳಕಿನಲ್ಲಿ ಷಟರ್ ಒಂದು ಸೆಕೆಂಡಿನಷ್ಟು ತೆರೆದಿರಬೇಕಾಗಿತ್ತು, ಗೋಡೆಯಾಚೆಯ ಪವರ್‌ಲೂಮುಗಳು ನೆಲವನ್ನೇ ನಡುಗಿಸುತ್ತಿದ್ದವು.

ನನ್ನ ಲೆಕ್ಕವೇ ತಪ್ಪಿತೆ? ಒಡಲಿಗೊಂದು ಸೆರಗಿಗೊಂದು ಎಂದು ಎರಡು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಬಹುದೆಂದು ಓದಿದ್ದೆ. ಪ್ರದರ್ಶನದವರು ಅದನ್ನು ಒಪ್ಪುತ್ತಿರಲಿಲ್ಲ, ಒಪ್ಪಿದ್ದರೂ ಇಲ್ಲದ ಚೌಕಡಿಯನ್ನು ಯಾವ ಎರಡು ಚಿತ್ರಗಳಿಂದ ತರುವುದು? ರಟ್ಟನ್ನು ತೆಗೆದು ಸೀರೆಯ ಪಕ್ಕಕ್ಕೆ ಹಿಡಿದೆ. ರಟ್ಟಿನ ಮೇಲಿನ ಕರಿ ಹತ್ತಿ ಮಸಿಯಂತೆ ಮಂಕಾಗಿತ್ತು. ಸೀರೆಯ ಕರಿ ಹತ್ತಿ ಹೊಳೆಯುತ್ತಿತ್ತು. ನೂಲು ಅದೇ, ಬಣ್ಣ ಅದೇ. ಬಟ್ಟೆಯನ್ನು ಬೆರಳಿನಿಂದ ಉಜ್ಜಿದೆ. ಕಾಗದದಂತೆ ಸದ್ದಾಯಿತು.

“ಇದಕ್ಕೇನು ಹಾಕೀರ್ರಿ ಅಣ್ಣಾರ?”

ಆಕೆಯ ಗಂಡ ಹೆಮ್ಮೆಯಿಂದಲೇ ಹೇಳಿದರು: “ಗಂಜಿ. ಎರಡ ಕೈ ಜಾಸ್ತಿನ ಹಾಕಿ ಇಸ್ತ್ರಿ ಮಾಡೇನಿ. ಫೋಟೋಕ್ಕ ನಿಲ್ಲೂದಂದ್ರ ಕನ್ಯಾ ನೋಡಾಕ ಬಂದಂಗ. ಮುದ್ದಿ ಆಗಿ ನಿಲ್ಲಬಾರದು.”

ಹೊಸ ಸೀರೆಯಲ್ಲಿ ಗಂಜಿ ಇದ್ದೇ ಇರುತ್ತದೆ, ಅದಿಲ್ಲದೆ ಹಾಸು ಮಗ್ಗಕ್ಕೆ ಏರುವುದಿಲ್ಲ. ಅದರ ಮೇಲೆ ಇವರು ಮೊದಲನೆಯ ಚಿತ್ರಕ್ಕೂ ಗಂಜಿ ಬಳಿದಿದ್ದರು, ಈ ಸಲ ಇನ್ನಷ್ಟು. ಗಂಜಿ ಮತ್ತು ಇಸ್ತ್ರಿ ಸೇರಿ ಹತ್ತಿಯನ್ನೂ ರೇಷ್ಮೆಯಂತೆ ಹೊಳೆಯಿಸಿದ್ದವು. ಚೌಕಡಿಯನ್ನು ಕಾಣಿಸುತ್ತಿದ್ದದ್ದು ಬಣ್ಣದ ಭೇದವಲ್ಲ, ಹತ್ತಿಯ ಮಂಕಿಗೂ ರೇಷ್ಮೆಯ ಮಿಂಚಿಗೂ ಇದ್ದ ಭೇದ. ಆ ಭೇದವೇ ಬಟ್ಟೆಯಲ್ಲಿ ಉಳಿದಿರಲಿಲ್ಲ. ಕಣ್ಣಾದರೆ ಬಟ್ಟೆಯನ್ನು ಆಡಿಸಿ ಹುಡುಕಿಕೊಳ್ಳುತ್ತದೆ. ಸೆನ್ಸರ್ ಒಂದು ಕ್ಷಣವನ್ನು ಮಾತ್ರ ಬಲ್ಲದು.

ರಟ್ಟನ್ನು ಕೆಳಗಿಟ್ಟೆ. ಹೇಳಲೇಬೇಕಾಯಿತು. “ಅಕ್ಕಾರ, ಸೀರಿ ಒಗೀಬೇಕಾಗತೈತ್ರಿ.”

ಗಂಜಿ ಹೋದ ಸೀರೆ ಎಂದರೆ ಈ ಊರಿನಲ್ಲಿ ಯಾರೋ ಉಟ್ಟು ಬಿಟ್ಟ ಸೀರೆ. ಚಿತ್ರ ಗೆದ್ದರೆ ಇದೇ ಸೀರೆಯನ್ನು ಬೆಂಗಳೂರಿಗೆ ಕಳುಹಿಸಬೇಕು. ಅದಕ್ಕಿಂತ ದೊಡ್ಡ ಭಯ, ಕರಿ ಬಿಟ್ಟುಕೊಂಡು ಬಿಳಿ ತೆನೆಗೆ ಹತ್ತಿದರೆ ಚಿತ್ರವೂ ಇಲ್ಲ, ಸೀರೆಯೂ ಇಲ್ಲ.

“ಹುಚ್ಚ ಹಿಡದೈತೇನು?” ಎಂದರು ಗಂಡ. “ಒಗದ ಸೀರಿ ಯಾರ್ ತಗೋತಾರ?”

ಆಕೆ ಸೀರೆಯ ಅಂಚನ್ನು ಬೆರಳುಗಳ ನಡುವೆ ತಿಕ್ಕುತ್ತ, “ನಿನ್ನ ಬಣ್ಣ ಬಿಡತೈತೇನು?” ಎಂದು ಕೇಳಿದರು.

“ನನ್ನ ಬಣ್ಣ? ನಾ ಹಾಕಿದ್ದು ಯಾವತ್ತರ ಬಿಟ್ಟೈತಿ?”

“ಹಂಗಾರ ಯಾಕ ಅಂಜತಿ?”

ಆಕೆ ನನ್ನತ್ತ ತಿರುಗಿದರು. “ಒಗದ್ರ ಕಾಣತೈತಿ ಅಂತ ಖರೇನ ಗೊತ್ತೈತೇನು ನಿನಗ?”

ಗೊತ್ತಿದೆ ಎಂದರೆ ಪೂರ್ತಿ ಸತ್ಯವಾಗುತ್ತಿರಲಿಲ್ಲ. “ರಟ್ಟಿನ ಮ್ಯಾಲ ಕಂಡೈತ್ರಿ. ಸೀರಿ ಮ್ಯಾಲ ಕಾಣಬೇಕು. ಖಾತ್ರಿ ಹೇಳಾಕ ಆಗಾಂಗಿಲ್ಲರಿ.”

ಆಕೆ ಸೀರೆಯನ್ನು ಹಗ್ಗದಿಂದ ಎಳೆದುಕೊಂಡರು. “ಗಂಜಿ ಚಂದ ಕಾಣಲಿ ಅಂತ ನಾ ಇದನ್ನ ನೇಯ್ದಿಲ್ಲ. ಹಿಡಿ, ಸೆರಗ ಹಿಡಿ.”

ಸೆರಗನ್ನು ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆವು. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಕಟ್ಟೆಯ ಮೇಲೆ ನಿಲ್ಲುವ ಕೆಲಸ ಗಂಡನ ಪಾಲಿಗೆ ಬಂತು. ಕೆಳಗೆ ನಾವಿಬ್ಬರೂ ಬೋಗುಣಿಯಲ್ಲಿ ಒಡಲನ್ನು ಅದ್ದಿ ಅದ್ದಿ ಹಿಂಡಿದೆವು. ಮೊದಲ ನೀರು ಕಲಗಚ್ಚಿನಂತೆ ಬೆಳ್ಳಗೆ ಬಂತು. ಎರಡನೆಯದು ತುಸು ಕಪ್ಪಾಯಿತು, ನಾನು ಕೈ ಹಿಂದೆಗೆದೆ.

“ಅದು ಮ್ಯಾಲಿನ ಧೂಳು,” ಎಂದರು ಕಟ್ಟೆಯ ಮೇಲಿನಿಂದ ಗಂಡ.

“ನೀ ಕೈ ಇಳಸಬ್ಯಾಡ,” ಎಂದರು ಆಕೆ. “ಧ್ವಜಾರೋಹಣ ಮಾಡಾಕತ್ತಿ, ಸುಮ್ಮ ನಿಂದ್ರು.”

ಮೂರನೆಯ ನೀರು ತಿಳಿಯಾಗಿತ್ತು.

ನೆರಳಿನಲ್ಲಿ ಒಣಗಿದ ಸೀರೆ ಮೆತ್ತಗೆ, ನೇರವಾಗಿ ಇಳಿಬಿತ್ತು. ಈ ಸಲ ಬೀದಿಯ ಬಾಗಿಲೊಂದನ್ನೇ ತೆರೆದಿಟ್ಟು, ಅದಕ್ಕೆ ತೆಳುವಾದ ಬಿಳಿ ಧೋತರವನ್ನು ಪರದೆಯಾಗಿ ಕಟ್ಟಿ, ಬೆಳಕು ಒಂದೇ ಮಗ್ಗುಲಿನಿಂದ ಬಟ್ಟೆಯನ್ನು ಸವರಿಕೊಂಡು ಹೋಗುವಂತೆ ಮಾಡಿದೆ. ಎಲ್ಲ ಸಿದ್ಧವಾಯಿತು. ಪವರ್‌ಲೂಮುಗಳ ನಡುಕ ಮಾತ್ರ ನಿಲ್ಲಲಿಲ್ಲ.

“ತಡಿ,” ಎಂದರು ಗಂಡ. “ಈಗ ಕರೆಂಟ್ ಹೋಗೂ ಹೊತ್ತು.”

ಕಾದೆವು. ಜೀವನದಲ್ಲಿ ಮೊದಲ ಬಾರಿಗೆ ನಾನು ಕರೆಂಟ್ ಹೋಗಲೆಂದು ಬೇಡಿಕೊಂಡೆ. ಒಮ್ಮೆಲೇ ಓಣಿಯ ಖಟಖಟವೆಲ್ಲ ನಿಂತು, ಎಲ್ಲಿಯೋ ಒಂದು ಎಮ್ಮೆ ಒದರಿದ್ದು ಕೇಳಿಸುವಷ್ಟು ಮೌನ ಬಂತು. ನೆಲ ನಿಶ್ಚಲವಾಗಿತ್ತು. ಷಟರ್ ಒತ್ತಿದೆ. ಹಿಸ್ಟೋಗ್ರಾಮ್ ನೋಡಿ ಬೆಳಕನ್ನು ಹೆಚ್ಚಿಸಿದೆ, ಮತ್ತೆ ಒತ್ತಿದೆ. ಸೆರಗಿನ ಬಿಳಿಯನ್ನು ಅಳೆಯುತ್ತಿದ್ದ ಕ್ಯಾಮೆರಾದ ಮೀಟರು ಬೆಳಕು ಕಡಿಮೆ ಮಾಡೆಂದು ಸೂಚಿಸುತ್ತಲೇ ಇತ್ತು. ಅದು ಹೇಳಿದ್ದನ್ನು ಬಿಟ್ಟು ಬಿಳಿ ತೆನೆಯ ಗುಡ್ಡ ಬಲಗೋಡೆಗೆ ಮೂಗು ತಾಗಿಸುವವರೆಗೆ ಹೋದೆ, ಅಲ್ಲಿ ನಿಂತೆ. ಕರೆಂಟ್ ಬರುವಷ್ಟರಲ್ಲಿ ನನ್ನ ಕೆಲಸ ಮುಗಿದಿತ್ತು.

ನೇಕಾರ್ತಿಯೂ ನನ್ನೊಂದಿಗೆ ಬನಹಟ್ಟಿಗೆ ಬಂದರು. ಕಂಪ್ಯೂಟರಿನಲ್ಲಿ ಫೈಲು ತೆರೆದಾಗ, ಹೆಚ್ಚು ಬೆಳಕು ಹಿಡಿದಿದ್ದರಿಂದ ಚಿತ್ರ ಮಾಸಲು ಮಾಸಲಾಗಿ, ಕರಿ ಸೀರೆ ಬೂದಿಯಲ್ಲಿ ಹೊರಳಿದಂತೆ ಕಂಡಿತು. ಆಕೆಯ ಮುಖ ಸಣ್ಣದಾಯಿತು. “ಸ್ವಲ್ಪ ತಡೀರಿ ಅಕ್ಕಾರ,” ಎಂದು ನಾನು ವಕ್ರರೇಖೆಯನ್ನು ಇಳಿಸತೊಡಗಿದೆ. ಮೇಲಿನ ಮೆಟ್ಟಿಲುಗಳಲ್ಲಿ ದಂಡಿಯಾಗಿ ಸಿಕ್ಕಿದ್ದ ಕರಿಯನ್ನು ಅದರ ಜಾಗಕ್ಕೆ ಇಳಿಸುವುದಷ್ಟೇ ಉಳಿದಿತ್ತು. ಹತ್ತಿ ತಳಕ್ಕಿಳಿದು ಮಸಿಯಾಯಿತು. ರೇಷ್ಮೆ ಅದರ ಮೇಲೆ ತೇಲಿ ನಿಂತಿತು. ಮೊದಲು ಅಡ್ಡ ಗೆರೆಗಳು, ಆಮೇಲೆ ಉದ್ದ ಗೆರೆಗಳು, ಆಮೇಲೆ ಪರದೆಯ ತುಂಬ ಚೌಕಡಿಯೇ ಚೌಕಡಿ. ಕೆಂಪು ಸೆರಗಿನಲ್ಲಿ ಬಿಳಿ ತೆನೆಗಳು ಒಂದೊಂದಾಗಿ ಬಿಡಿಬಿಡಿ.

ಕಾರ್ಯದರ್ಶಿಗಳು ಹಿಂದೆ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. “ಅಬಬಬ,” ಎಂದರು ಅವರು. ಆಕೆ ಕೈ ಚಾಚಿ ಪರದೆಯ ಮೇಲೆ ಒಂದು ಚೌಕವನ್ನು ಬೆರಳಿನಿಂದ ಸುತ್ತಿ ನೋಡಿದರು, ಮುಟ್ಟಬಾರದೆಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಚಿತ್ರವನ್ನು ಕಳುಹಿಸಿದೆವು. ಒಗೆದದ್ದನ್ನೂ ಮುಚ್ಚಿಡದೆ ಬರೆದೆವು. ಅವರು ಸೀರೆಯನ್ನು ತರಿಸಿಕೊಂಡರು. ಕೆಲವು ದಿನಗಳ ನಂತರ ಕಾರ್ಯದರ್ಶಿಗಳಿಗೆ ಫೋನು ಬಂತು. ಸೀರೆ ಆಯ್ಕೆಯಾಗಿತ್ತು. ಪ್ರದರ್ಶನಕ್ಕೆ ಅದೇ ನಮೂನೆಯವು ಇನ್ನಷ್ಟು ಬೇಕಾಗಿದ್ದವು.

ಈ ಸಲ ರಬಕವಿಗೆ ಹೋಗೆಂದು ಯಾರೂ ಹೇಳಬೇಕಾಗಲಿಲ್ಲ. ಆಕೆ ಕುಣಿಯಲ್ಲಿ ಕುಳಿತಿದ್ದರು. ನಾನು ಬಾಗಿಲಲ್ಲಿ ನಿಂತೇ ಹೇಳಿದೆ. ಸಂಘ ನೂಲು ಕೊಡುತ್ತದೆಂದೂ ಹೇಳಿದೆ. ಆಕೆ ಎಷ್ಟು ಸೀರೆ ಎಂದು ಕೇಳಲಿಲ್ಲ, ಯಾವಾಗ ಎಂದು ಕೇಳಲಿಲ್ಲ.

“ಕಂಡಿತಂತ ಅವರಿಗೆ?”

“ಕಂಡಿತಂತ್ರಿ ಅಕ್ಕಾರ. ಎಲ್ಲಾ ಗೆರಿ ಕಂಡೂವಂತ.”

ಆಕೆ ಸ್ವಲ್ಪ ಹೊತ್ತು ಹಾಸಿನ ಎಳೆಗಳ ಮೇಲೆ ಅಂಗೈ ಆಡಿಸಿದರು. ಆಮೇಲೆ ಲಾಳಿಯನ್ನು ಕೈಗೆತ್ತಿಕೊಂಡರು.

“ಹಂಗಾರ ಮುಂದಿನ ಸೀರ್ಯಾಗ ಗೆರಿ ಇನ್ನೂ ಸಣ್ಣ ಹಾಕತೇನಿ,” ಎಂದರು. “ನೋಡೂನು, ನಿನ್ನ ಕ್ಯಾಮೆರಾ ಏನ್ ಮಾಡತೈತಿ.”